ಕುಣಿಮಗ್ಗಕ್ಕೆ ಇಳಿದ ರಬ್ಬರು ಪಾದ

ನಾನು ಒಂದು ಎಡಗಾಲಿನ ಪಾದ. ಕಾದ ಅಚ್ಚಿನಲ್ಲಿ ಬೆಂದು ಹುಟ್ಟಿದೆ. ಒಳಗೆ ಮರದ ತುಂಡು, ಹೊರಗೆ ಕಂದು ರಬ್ಬರು, ಮುಂದೆ ಐದು ಬೆರಳು. "ಅಗ್ಗದ ಕಾಲು. ಆದ್ರೂ ಬರಿಗಾಲಲ್ಲೇ ನಡೀಬಹುದು," ಎಂದು ನನ್ನನ್ನು ಮಾಡಿದವನು ಅಂಗಾಲು ತಟ್ಟಿದ. ಅಗ್ಗದ ಎಂಬ ಮಾತು ಆಗಲೇ ಚುಚ್ಚಿತು.

ಕಲ್ಯಾಣಮಂಟಪದಲ್ಲಿ ನಡೆದ ಕೃತಕ ಕಾಲಿನ ಶಿಬಿರವೊಂದರಲ್ಲಿ ನನ್ನನ್ನು ಸಂಗವ್ವನಿಗೆ ಕೊಟ್ಟರು. ಅವಳು ನೇಕಾರರ ಮನೆಯ ಸೊಸೆ. ಎಡಪಾದ ಲಾರಿಯ ಗಾಲಿಗೆ ಸಿಕ್ಕಿ ಹೋಗಿತ್ತು. "ಸೀರಿ ಸ್ವಲ್ಪ ಮ್ಯಾಲೆತ್ತವ್ವಾ, ಫೋಟೊದಾಗ ಕಾಲು ಕಾಣ್ಲಿ," ಎಂದನೊಬ್ಬ. ಅವಳು ಎತ್ತಲಿಲ್ಲ. ಆ ಕ್ಷಣವೇ ನಾನು ಅವಳದಾದೆ.

ಮನೆಯಲ್ಲಿ ನೆಲ ತೋಡಿ ಕೂರಿಸಿದ ಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಒಂಟಿ ಕಾಲಿಗೆ ಅದು ದಕ್ಕದು. ಮತ್ತೆ ನೇಯಬೇಕೆಂದೇ ಸಂಗವ್ವ ನನ್ನನ್ನು ಕಟ್ಟಿಕೊಂಡಿದ್ದಳು. ಮಾವ ವಿರುಪಣ್ಣ ಹೊಸ್ತಿಲಲ್ಲೇ ತಡೆದ.

"ಮಗ್ಗ ಅಂದ್ರ ದೇವರು. ಚಪ್ಪಲಿ ಹಾಕ್ಕೊಂಡು ಯಾರೂ ಕುಣಿಗೆ ಇಳದಿಲ್ಲ ಈ ಮನ್ಯಾಗ. ರಬ್ಬರ್ ಅಂದ್ರ ಚಪ್ಪಲಿನ."

ನಾಲ್ಕು ತಿಂಗಳು ನಾನು ಬಾಗಿಲ ಹೊರಗೆ, ಹರಕು ಚಪ್ಪಲಿಗಳ ಸಾಲಿನಲ್ಲಿ ಬಿದ್ದಿದ್ದೆ. ಸಂಗವ್ವ ನನ್ನನ್ನು ಬಿಚ್ಚಿಟ್ಟು, ತೆವಳುತ್ತ ಒಳಗೆ ಹೋಗಿ, ಮೂಲೆಯಲ್ಲಿ ನೂಲು ಸುತ್ತುತ್ತಿದ್ದಳು. ನನಗೆ ಐದು ಬೆರಳು ಕೊಟ್ಟವರು ಎರಡು ಹಲ್ಲನ್ನಾದರೂ ಕೊಟ್ಟಿದ್ದರೆ ವಿರುಪಣ್ಣನ ಹಿಮ್ಮಡಿ ಕಚ್ಚುತ್ತಿದ್ದೆ.

ಒಂದು ದಿನ ಅವನು ಸತ್ತವರೊಬ್ಬರ ಮಣ್ಣಿಗೆಂದು ಪಕ್ಕದೂರಿಗೆ ಹೋದ. ಸಂಗವ್ವ ನನ್ನನ್ನು ಒರೆಸಿ, ಬಿಗಿದು ಕಟ್ಟಿಕೊಂಡು ಕುಣಿಗೆ ಇಳಿದಳು. ನನಗೆ ಸ್ಪರ್ಶವಿಲ್ಲ, ಹಲಗೆಯಿಂದ ಜಾರಿದೆ. ಎಳೆ ಹರಿಯಿತು. ಗಂಟು ಹಾಕಿದಳು. ಮತ್ತೆ ಜಾರಿದೆ, ಮತ್ತೆ ಹರಿಯಿತು. ಆಮೇಲೆ ಕಣ್ಣು ಮುಚ್ಚಿ ಕಿವಿಗೊಟ್ಟಳು. ಹಲಗೆ ಪೂರ್ತಿ ಇಳಿದಾಗ ಟಕ್ಕೆಂಬ ಸದ್ದು. ಅದು ಕೇಳಿದ ಮೇಲೆಯೇ ಲಾಳಿ ಎಸೆದಳು. ಸಂಜೆಗೆ ಗೇಣುದ್ದ ಬಟ್ಟೆ ಬಂದಿತ್ತು. ವಿರುಪಣ್ಣನೂ ಬಂದಿದ್ದ.

"ಏಳು! ಮೊದ್ಲು ಅದನ್ನ ಬಿಚ್ಚು!"

"ಕಾಲು ಬಿಚ್ಚಿ ಹೊರಗಿಡೂದು ಈ ಮನಿ ಪದ್ಧತಿ ಆದ್ರ, ಮೊದ್ಲು ನೀವು ನಿಮ್ಮವು ಬಿಚ್ಚಿಡ್ರಿ ಮಾವಾರ. ಆಮ್ಯಾಲ ನಾನೂ ಬಿಚ್ಚತೀನಿ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ನಲವತ್ತು ವರ್ಷಾತು, ಈ ಮನುಷ್ಯಾನ ಬಾಯಿ ಬಂದ್ ಆಗಿದ್ದು ಇವತ್ತ ನೋಡಿದೆ."

ಸಂಗವ್ವ ಏಳಲಿಲ್ಲ. ಟಕ್ಕೆಂದಿತು. ಲಾಳಿ ಓಡಿತು.

ಮೂರು ವರ್ಷ ತುಳಿದು ನನ್ನ ಬೆರಳು ಸೀಳಿಹೋದವು. ಅವಳಿಗೆ ಹೊಸ ಪಾದ ಬಂತು. ಅದು ಜಾರಬಾರದೆಂದು ನನ್ನ ಅಂಗಾಲನ್ನು ಕೊಯ್ದು ಎಡಹಲಗೆಗೆ ಮೊಳೆ ಹೊಡೆದಳು. ಈಗ ಕುಣಿಯೇ ನನ್ನ ಮನೆ. ಅವಳು ಊಟಕ್ಕೆ ಎದ್ದಾಗ ವಿರುಪಣ್ಣ ನೇಯಲು ಬಂದು ಕೂರುತ್ತಾನೆ, ನನ್ನ ಮೇಲೆ ಬರಿಗಾಲಿಡುತ್ತಾನೆ.

"ಹಲಗಿ ಮೆತ್ತಗಾಗೇತಲ್ಲ. ಛಲೋ ಆತು," ಎನ್ನುತ್ತಾನೆ.

ತಾನು ಏನನ್ನು ತುಳಿಯುತ್ತಿದ್ದೇನೆಂದು ಅವನು ಕೇಳಿಲ್ಲ. ಸಂಗವ್ವ ಹೇಳಿಲ್ಲ. ನಾನು ಕ್ಷಮಿಸಿಲ್ಲ.