ತೂಗದೆ ಬರೆದ ತೂಕ

ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಅದೇ ಅಕ್ಷರದಲ್ಲಿ ಏಳು ತಿಂಗಳು ಸುಳ್ಳು ಬರೆದೆ.

ಕಿರಂಗೂರಿನಿಂದ ಒಳಗೆ ಹೋದರೆ ಸಿಗುವ ಪುಟ್ಟ ಊರಿನ ಅಂಗನವಾಡಿ ನನ್ನದು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ತಾಯಿ ಕಾರ್ಡಿನಲ್ಲಿ ಚುಕ್ಕೆ ಇಡಬೇಕು. ಚುಕ್ಕೆಗಳು ಹಸಿರು ಪಟ್ಟಿಯೊಳಗೆ ಮೇಲೇರುತ್ತಿದ್ದರೆ ಮಗು ಬೆಳೆಯುತ್ತಿದೆ ಎಂದರ್ಥ. ಒಂದೆರಡು ತಿಂಗಳು ತೂಕ ಏರದಿದ್ದರೂ ಎಚ್ಚರವಾಗಬೇಕು. ಮಗು ಕಣ್ಣಿಗೆ ಸೊರಗಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ತಾಯಂದಿರ ಸಭೆಯಲ್ಲಿ ಇದನ್ನು ಗಂಟಲು ಹರಿಯುವಂತೆ ಹೇಳುವವಳೂ ನಾನೇ.

ಸ್ನೇಹಳ ಮಗ ಅಪ್ಪು ಹತ್ತು ತಿಂಗಳಿನವನಿದ್ದಾಗ ಏಳು ಕೆಜಿ ಎಂಟುನೂರು ಗ್ರಾಂ ತೂಗಿದ್ದ. ಅವಳು ಗಾರ್ಮೆಂಟ್ಸಿಗೆ ಸೇರಿದ್ದು ಆಗಲೇ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಕತ್ತಲಾದ ಮೇಲೆ. ಮಗು ಅತ್ತೆ ಮಾರಮ್ಮನ ಕೈಗೆ ಬಂತು. ಮರುತಿಂಗಳು ತಕ್ಕಡಿ, ಜೋಲಿ ಹಿಡಿದು ಹೋದರೆ ಮಾರಮ್ಮ ಬಾಗಿಲಿಗೇ ಅಡ್ಡ ನಿಂತಳು.

“ಸಂತೇಲಿ ಕುರಿ ತೂಗ್ದಂಗೆ ನನ್ ಮೊಮ್ಮಗನ್ನ ನೇತಾಕ್ಬ್ಯಾಡ ಕಣವ್ವ, ಕಣ್ಣಾಯ್ತದೆ. ನೋಡು, ಗುಂಡ್ಕಲ್ಲು ಇದ್ದಂಗವ್ನೆ. ನೀನೇ ಒಂದು ಬರ್ಕೊಂಬುಡು.”

ಜಗಳವಾಡಿದೆ. ಮಾರಮ್ಮನ ಬಾಯಿಯ ಮುಂದೆ ಗೆದ್ದವರಿಲ್ಲ. ಇಲಾಖೆಯ ಮೊಬೈಲಿನಲ್ಲಿ ತೂಕದ ಜಾಗ ಖಾಲಿ ಬಿಟ್ಟರೆ ಮೇಲ್ವಿಚಾರಕಿಯ ಫೋನು ಬೇರೆ. ಇನ್ನೂರು ಗ್ರಾಂ ಹೆಚ್ಚಿಸಿ ಚುಕ್ಕೆ ಇಟ್ಟೆ. ಆಮೇಲೆ ಅದೇ ರೂಢಿಯಾಯಿತು. ಸ್ವೆಟರು, ಕುಲಾವಿಯೊಳಗೆ ಅಪ್ಪು ನಗುತ್ತಿದ್ದ, ನಾನು ಬರೆಯುತ್ತಿದ್ದೆ. ಸೋಮಾರಿ ಎಂದು ಬೈಯಿರಿ, ಬೈಸಿಕೊಳ್ಳುತ್ತೇನೆ.

ಮೊನ್ನೆ ಭೇದಿ ನಿಲ್ಲದೆ ಅಪ್ಪು ಕತ್ತು ವಾಲಿಸಿಬಿಟ್ಟ. ಸ್ನೇಹ ನನ್ನನ್ನೂ ಎಳೆದುಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಓಡಿದಳು. ಬಟ್ಟೆ ಬಿಚ್ಚಿದಾಗ ನೋಡಿದರೆ ತೋಳು, ತೊಡೆ ಕಡ್ಡಿಯಂತಿದ್ದವು. ತೂಕ ಏಳು ಕೆಜಿ ನಾನೂರು. ಒಂದೂವರೆ ವರ್ಷದ ಮಗು!

ಏನು ತಿನ್ನಿಸುತ್ತೀರಿ ಎಂದು ಡಾಕ್ಟರು ಕೇಳಿದರು.

“ಟೀಗೆ ಬಿಸ್ಕತ್ತು ನೆನ್ಸಿ ಕೊಡ್ತಾರೆ ಸಾರ್, ಆಮೇಲೆ ನೀರುಗಂಜಿ. ಬ್ಯಾರೇದು ಉಗೀತಾನೆ ಅಂತಾರೆ ಅತ್ತೆ,” ಎಂದಳು ಸ್ನೇಹ. “ಕೈಕಾಲು ಸಣ್ಣ ಆಯ್ತಾವೆ ಅನ್ನುಸ್ತಿತ್ತು. ಆದ್ರೆ ಕಾರ್ಡು ನೋಡಿ ಸುಮ್ಕಾಯ್ತಿದ್ದೆ. ಅಕ್ಕ ಒಂದು ತಿಂಗ್ಳೂ ಬುಟ್ಟಿಲ್ಲ ಸಾರ್.”

ಅವಳು ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಟ್ಟಳು. ಡಾಕ್ಟರ ಹುಬ್ಬು ಗಂಟಾಯಿತು.

“ಹೋದ ತಿಂಗಳು ಒಂಬತ್ತು ಕೆಜಿ ಇನ್ನೂರು ಅಂತಿದೆ. ಒಂದೇ ತಿಂಗಳಲ್ಲಿ ಇಷ್ಟು ಇಳಿದಿದ್ದರೆ ಯಾವುದೋ ದೊಡ್ಡ ಕಾಯಿಲೆ ಹುಡುಕಬೇಕು. ನಿಧಾನಕ್ಕೆ ಇಳಿದಿದ್ದರೆ ದಾರಿ ಬೇರೆ. ಯಾವುದಮ್ಮ ನಿಜ?”

“ನಾನು ತೂಗಿಲ್ಲ ಸಾರ್,” ಎಂದೆ. “ಅಂದಾಜಿಗೆ ಬರ್ದೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಉಗಿಯಲಿ ಎಂದು ಕಾದೆ, ಉಗಿಯಲಿಲ್ಲ. ಸ್ನೇಹಳೂ ಬೈಯಲಿಲ್ಲ. ಮಗುವಿನ ಪಾದ ಹಿಡಿದುಕೊಂಡೇ ಕೇಳಿದಳು:

“ಅಂಗಾರೆ ಯಾವಾಗ್ನಿಂದ ಅಕ್ಕ, ನನ್ ಮಗ ಇಳ್ಕೊಂಡು ಬಂದಿದ್ದು?”

ಅದು ಗೊತ್ತಿರಬೇಕಾದವಳು ನಾನು. ನನಗೆ ಗೊತ್ತಿರಲಿಲ್ಲ.