ಮೂರನೇ ನಂಬರಿನ ಚೀಟಿ

ಹನ್ನೆರಡನೇ ಸ್ಕ್ರೂ ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಡಾಕ್ಟರು ಏಣಿಯ ಮೇಲೆ ನಿಂತೇ ಅದಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಮತ್ತೆ ತಿರುಗಿಸಿದರು. ಮೂರನೇ ನಂಬರಿನ ಪಕ್ಕೆಯ ಮುಚ್ಚಳ ಕೈಗೆ ಬಂತು.

"ರೋಗಿ ಏನಂತಾಳೆ ಅಣ್ಣ?" ಏಣಿ ಹಿಡಿದುಕೊಂಡಿದ್ದ ಸ್ಟೋರಿನ ಅಕ್ಕ ಕೆಳಗಿನಿಂದ ಕೇಳಿದಳು. "ಪಂಪು ಇದೆ ತಾನೆ? ನನ್ನ ಪಟ್ಟೀಲಂತೂ ಇದೆ. ಒಂಬತ್ತನೇ ನಂಬರಿಗೆ ಇವತ್ತೇ ಬೇಕಂತೆ."

ಡಾಕ್ಟರು ಮುಚ್ಚಳವನ್ನು ಬಗಲಿಗೆ ಸಿಕ್ಕಿಸಿಕೊಂಡು ಒಳಗೆ ಇಣುಕಿದರು.

ಅವರೇನು ಓದಿದ ಡಾಕ್ಟರಲ್ಲ. ಯುದ್ಧವಿಮಾನ ರಿಪೇರಿಯ ಈ ಶೆಡ್ಡಿನ ಹಿರಿಯ ಮೇಸ್ತ್ರಿ. ಈ ವಿಮಾನಗಳನ್ನು ಮಾಡಿ ಮಾರಿದ ಪರದೇಶದ ಕಾರ್ಖಾನೆ ಎಂದೋ ಬಾಗಿಲು ಹಾಕಿತ್ತು. ಆಮೇಲೆ ಬಿಡಿಭಾಗ ಎಂಬುದು ಇಲ್ಲ. ಒಂದರದ್ದು ಕಿತ್ತು ಇನ್ನೊಂದಕ್ಕೆ ಹಾಕಬೇಕು, ಸಿಗದಿದ್ದರೆ ಲೇತಿನಲ್ಲಿ ಕಡೆದುಕೊಳ್ಳಬೇಕು. ಸತ್ತದ್ದನ್ನು ಎಬ್ಬಿಸಿ ಹಾರಿಸುತ್ತಾರೆಂದು ಶೆಡ್ಡಿನವರು ಇಟ್ಟ ಹೆಸರು ಅವರಿಗೆ ಅಂಟಿಕೊಂಡಿತ್ತು. ಮೂರನೇ ನಂಬರು ಹಾರಿ ಹನ್ನೊಂದು ವರ್ಷವಾಗಿತ್ತು. ಉಳಿದವೆಲ್ಲ ಅದನ್ನು ತಿಂದುಕೊಂಡೇ ಹಾರುತ್ತಿದ್ದವು. ಸಾಮಾನು ಕಿತ್ತ ಜಾಗದಲ್ಲಿ ಒಂದು ಚೀಟಿ ಕಟ್ಟಬೇಕು: ಏನು ಕಿತ್ತದ್ದು, ಯಾವುದಕ್ಕೆ ಹೋಯಿತು, ಕಿತ್ತವರ ಸಹಿ. ಸಾಮಾನು ವಾಪಸ್ ಬರುವವರೆಗೆ ಚೀಟಿ ಬಿಚ್ಚುವ ಹಾಗಿಲ್ಲ. ಇದುವರೆಗೆ ಒಂದೂ ವಾಪಸ್ ಬಂದಿರಲಿಲ್ಲ. ಶೆಡ್ಡಿನ ದೊಡ್ಡ ಬಾಗಿಲು ಸರಿಸಿದಾಗಲೆಲ್ಲ ಮೂರನೇ ನಂಬರಿನ ಒಳಗೆ ಚೀಟಿಗಳು ಪಟಪಟ ಅನ್ನುತ್ತಿದ್ದವು.

ಪಂಪಿನ ಜಾಗದಲ್ಲೂ ಚೀಟಿಯೇ ಇತ್ತು. 'ಇಂಧನ ಪಂಪು. ಏಳನೇ ನಂಬರಿಗೆ.' ಕೆಳಗೆ ಅವರದೇ ಸಹಿ. ಚೀಟಿಯ ಹಿಂಬದಿಗೆ, ಓರೆಯಾಗಿ ಓಡುವ ಮಗಳ ಅಕ್ಷರ: 'ಥ್ಯಾಂಕ್ಸ್ ಅಕ್ಕಾ. ಜೋಪಾನವಾಗಿ ಇಟ್ಕೋತೀನಿ.'

ವಿಮಾನಗಳೆಲ್ಲ ತನಗಿಂತ ಹದಿನಾಲ್ಕು ವರ್ಷಕ್ಕೆ ಹಿರಿಯವು ಎಂದು ಮಗಳು ಅವನ್ನು ಅಕ್ಕ ಅನ್ನುತ್ತಿದ್ದಳು. ಏಳನೇ ನಂಬರು ಅವಳು ಹಾರಿಸುತ್ತಿದ್ದದ್ದು. ನಲವತ್ತು ದಿನದ ಹಿಂದೆ, ಬೆಳಗಿನ ಅಭ್ಯಾಸದಲ್ಲಿ, ಪಂಪು ನಿಂತು ಇಂಜಿನ್ ಆರಿತು. ಕೆಳಗೆ ಮನೆಗಳಿದ್ದವು. ವಿಮಾನವನ್ನು ಅವುಗಳಾಚೆ ದಾಟಿಸುವಷ್ಟರಲ್ಲಿ ಅವಳಿಗೆ ಹೊರಗೆ ಹಾರಿಕೊಳ್ಳಲು ಹೊತ್ತು ಉಳಿಯಲಿಲ್ಲ.

ಪಂಪು ಇಲ್ಲಿಲ್ಲ ಎಂದು ಏಣಿ ಹತ್ತುವ ಮೊದಲೇ ಹೇಳಬಹುದಿತ್ತು. ಅವರಿಗೆ ಈ ಮುಚ್ಚಳ ತೆಗೆಯಲು ಒಂದು ನೆಪ ಬೇಕಿತ್ತು.

"ಇಲ್ಲ ಕಣಮ್ಮ," ಅಂದರು. "ಪಟ್ಟೀಲಿ ಹೊಡೆದುಹಾಕು."

ಸ್ಟೋರಿನ ಅಕ್ಕ ಅವರ ಮುಖ ನೋಡಿದಳು. ಯಾವ ಪಂಪು ಎಂಬುದು ಅವಳಿಗೆ ಆಗ ಹೊಳೆಯಿತು. ಪೆನ್ನು ತೆಗೆದವಳು ಹಾಗೇ ನಿಂತಳು.

ಅಷ್ಟರಲ್ಲಿ ಖರೀದಿ ಸಮಿತಿಯ ಅಧಿಕಾರಿ ಫೈಲು ಹಿಡಿದು ಒಳಗೆ ಬಂದರು. ತೂಕದ ಮನುಷ್ಯ, ಮಗಳ ಮಣ್ಣಿಗೂ ಬಂದಿದ್ದರು. ಡಾಕ್ಟರು ಇಳಿದು ಕೈ ಒರೆಸಿಕೊಂಡರು.

"ನಾಳೆ ಸಮಿತಿ ಕೂರುತ್ತೆ ಡಾಕ್ಟ್ರೇ. ಹೊರಗಿನವರಿಂದ ಹೊಸ ವಿಮಾನ ತಗೊಳ್ಳದೆ ಗತಿ ಇಲ್ಲ. ಗಡಿಯಾಚೆಯವರ ಹತ್ರ ಹೊಸವು ಬಂದು ನಾಕು ವರ್ಷ ಆಯ್ತು. ನಮ್ಮದೇ ಮಾಡ್ತೀವಿ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾನೇ ಇದೀವಿ. ರೆಕ್ಕೆ ಆಯ್ತು, ಬಾಲ ಆಯ್ತು, ಇಂಜಿನ್ ಮಾತ್ರ ಆಗ್ತಿಲ್ಲ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ," ಎಂದ ಅಕ್ಕ ಡಾಕ್ಟರ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

"ತಗೊಳ್ಳಿ ಸರ್. ನಾನೆಲ್ಲಿ ಬೇಡ ಅಂದೆ?" ಅಂದರು ಡಾಕ್ಟರು.

"ಅಂದಿದ್ರಿ." ಅಧಿಕಾರಿಯ ದನಿ ತಗ್ಗಿತು. ಫೈಲಿನಿಂದ ಒಂದು ಹಾಳೆ ತೆಗೆದರು. "ವಿರೋಧ ಮಾಡೋರೆಲ್ಲ ಇದನ್ನೇ ಎತ್ತಿ ಹಿಡೀತಾರೆ. ಶೆಡ್ಡಿನ ಮೇಸ್ತ್ರೀನೇ ಬರೆದುಕೊಟ್ಟಿದಾನೆ, ಇನ್ನೂ ಹತ್ತು ವರ್ಷ ಹಾರುತ್ತೆ ಅಂತ. ಮತ್ಯಾಕೆ ಖರೀದಿ, ಅಂತಾರೆ."

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ, ಎಲ್ಲರ ಎದುರು, ಸಮಿತಿಯವರು ಕೇಳಿದ್ದರು: ಇವು ಇನ್ನೆಷ್ಟು ದಿನ? ಡಾಕ್ಟರು ಎದೆ ಸೆಟೆಸಿ, ಹತ್ತು ವರ್ಷ ಹಾರಿಸ್ತೀವಿ ಸರ್, ಅಂದಿದ್ದರು. ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತ್ತು. ಆಗದು ಅನ್ನುವ ಮಾತು ಈ ಕಸುಬಿನವರ ಬಾಯಲ್ಲಿ ಬರುವುದಿಲ್ಲ. ಅದೇ ಮಾತನ್ನು ಟೈಪು ಮಾಡಿಸಿ ಸಹಿ ಹಾಕಿಸಿಕೊಂಡರು. ಸಂಜೆ ಮಗಳು ನಗುತ್ತ, "ಹತ್ತು ಅಂದ್ಬಿಟ್ರಾ ಅಪ್ಪ? ಎರಡು ಅಂದಿದ್ರೆ ನನಗೊಂದು ಹೊಸದು ಸಿಗ್ತಿತ್ತಲ್ಲ," ಅಂದಿದ್ದಳು. ಅವಳ ಅಮ್ಮನೂ ನಕ್ಕಿದ್ದಳು. ಇವತ್ತು ಯಾವುದನ್ನ ಬದುಕಿಸಿದ್ರಿ ಎಂದು ದಿನಾ ಸಂಜೆ ಕೇಳುತ್ತಿದ್ದವಳು ಹೆಂಡತಿಯೇ. ನಲವತ್ತು ದಿನದಿಂದ ಕೇಳಿಲ್ಲ.

"ಇವತ್ತಿನ ತಾರೀಖು ಹಾಕಿ ಬರೆದುಕೊಡ್ತೀನಿ," ಅಂದರು ಡಾಕ್ಟರು. "ಇವು ಹಾರಬಾರದು ಅಂತ. ಪಂಪಿನ ವಿಷಯಾನೂ ಬರೀತೀನಿ. ನಾಳೆ ಓದಿ."

"ಅದು ಬೇಕೇ ಬೇಕು. ಅದಿದ್ರೆ ನಮ್ಮ ಕೆಲಸ ನಡೆಯುತ್ತೆ." ಅಧಿಕಾರಿ ಹಾಳೆಯನ್ನು ಮುಂದೆ ಚಾಚಿದರು. "ಆದ್ರೆ ಇದೂ ಫೈಲಲ್ಲಿದ್ರೆ ಪೇಪರಿನವರು ಬಿಡಲ್ಲ. ಅಪ್ಪನೇ ಹಾರುತ್ತೆ ಅಂದ, ಮಗಳು ಹೋದ್ಲು, ಅಂತ ಬರೀತಾರೆ. ನಿಮ್ಮ ಮನೆಯವರು ಅದನ್ನ ಓದ್ಬೇಕಾ? ಇದು ಅಸಲು ಪ್ರತಿ, ಬೇರೆ ಇಲ್ಲ. ನನ್ನ ಜವಾಬ್ದಾರಿ ಮೇಲೆ ತಂದಿದೀನಿ. ತಗೊಳ್ಳಿ, ಹರಿದು ಹಾಕಿ. ನಾನು ನೋಡಿಲ್ಲ."

ಸ್ಟೋರಿನ ಅಕ್ಕ ಮುಖ ಆಚೆ ತಿರುಗಿಸಿಕೊಂಡಳು. ತಾನೂ ನೋಡಿಲ್ಲ ಎನ್ನುವಂತೆ.

ಡಾಕ್ಟರು ಹಾಳೆಯನ್ನು ನೋಡಿದರು. ಸಹಿ ಎಷ್ಟು ದೊಡ್ಡದಾಗಿ ಹಾಕಿದ್ದರು. ಯಾರೋ ಶೆಡ್ಡಿನ ಬಾಗಿಲು ಸರಿಸಿದರು. ಮೂರನೇ ನಂಬರಿನ ತೆರೆದ ಪಕ್ಕೆಯಲ್ಲಿ ಚೀಟಿ ಒಮ್ಮೆ ಹೊರಳಿ, ಓರೆಯಕ್ಷರದ ಬದಿ ಮೇಲಾಗಿ ನಿಂತಿತು.

"ಬೇಡ ಸರ್," ಅಂದರು. "ಅದು ಫೈಲಲ್ಲೇ ಇರ್ಲಿ."