ಬಣ್ಣವಿಲ್ಲದ ಕೂಲಂಟು

“ಸಹಿ ಹಾಕೂದಿಲ್ಲ ಅಂದ್ರ ಹಾಕೂದಿಲ್ಲ, ರಾಯರ. ಹನ್ನೆರಡು ಫಾರ್ಮು ಅದಾವಲ್ಲ, ಹರಿದು ಒಲಿಗೆ ಹಾಕ್ರಿ.”

“ಯಾರ ಮುಂದ ಮಾತಾಡ್ಲಿಕ್ಕತ್ತೀ ಅನ್ನೋದರ ಖಬರ್ ಅದ ಏನು ನಿನಗ?”

“ಅದ. ನನಗ ಸುಳ್ಳು ಹೇಳಿದವ್ರ ಮುಂದ ಮಾತಾಡಾಕತ್ತೀನಿ.”

ಬಿಂದುಮಾಧವರಾಯರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. ಆ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಹಿಂಬದಿಯ ಬೈಕ್ ಗ್ಯಾರೇಜಿಗೆ ಅವರೇ ಮಾಲೀಕರು, ಮೂಲ ಧಾರವಾಡದವರು. ಎದುರಿಗೆ ನಿಂತ ಸಿದ್ದಾರೂಢ ಬೈಲಹೊಂಗಲ ಕಡೆಯ ಹಳ್ಳಿಯವನು, ಅವರ ಹಿರಿಯ ಮೆಕ್ಯಾನಿಕ್. ಹತ್ತೊಂಬತ್ತು ವರ್ಷದಿಂದ ರಾಯರು ಕುರ್ಚಿಯ ಮೇಲೆ, ಇವನು ನೆಲದ ಮೇಲೆ ಕೂತು ಆ ಗ್ಯಾರೇಜು ನಡೆದಿತ್ತು.

ಭಾನುವಾರ ಗ್ಯಾರೇಜಿನ ಹನ್ನೆರಡು ಗಿರಾಕಿಗಳು ರೇಸ್ ಟ್ರ್ಯಾಕಿಗೆ ಹೋಗುವವರಿದ್ದರು. ವಾರವಿಡೀ ಆಫೀಸಿಗೆ ಓಡಿಸುವ ಬೈಕನ್ನೇ ಅಲ್ಲಿಯೂ ಓಡಿಸುವವರು. ರಸ್ತೆಯ ಬೈಕಿಗೆ, ಇಂಜಿನ್ ತಣ್ಣಗಿಡುವ ಕೂಲಂಟು ಬೇಕೇ ಬೇಕು. ಇಂಜಿನ್ ಕುದಿಯುವುದಿಲ್ಲ, ಒಳಗೆ ತುಕ್ಕು ಹತ್ತುವುದಿಲ್ಲ. ಟ್ರ್ಯಾಕಿನಲ್ಲಿ ಅದೇ ಕೂಲಂಟಿಗೆ ನಿಷೇಧ. ಬೈಕು ಬಿದ್ದು ಪೈಪು ಹರಿದರೆ ಅದು ಡಾಂಬರಿನ ಮೇಲೆ ಎಣ್ಣೆಯ ಹಾಗೆ ಕೂರುತ್ತದೆ, ಬೇಗ ಆರುವುದಿಲ್ಲ. ಬಿದ್ದವನು ಎದ್ದು ಬಂದಾನು, ಹಿಂದೆ ಬರುವವನ ಗತಿ ಹೇಳಲಾಗದು. ಅದಕ್ಕೇ ಅಲ್ಲಿ ರೇಡಿಯೇಟರಿನಲ್ಲಿ ಬ್ಯಾಟರಿಗೆ ಹಾಕುವಂಥ ಶುದ್ಧ ನೀರೇ ಇರಬೇಕು, ಹೆಚ್ಚೆಂದರೆ ತುಕ್ಕು ತಡೆಯುವ ಒಂದು ಸಣ್ಣ ಬಾಟಲಿಯ ಮದ್ದು. ತಿರುಗಿ ಬಂದ ಮೇಲೆ ಮತ್ತೆ ಕೂಲಂಟು.

ಪ್ರತಿ ಸಲವೂ ಈ ಕೆಲಸ ಸಿದ್ದಾರೂಢನದೇ. ಒಳಗಿರುವುದು ನೀರೇ ಎಂದು ಟ್ರ್ಯಾಕಿನವರಿಗೆ ಬರೆದುಕೊಡುವ ಫಾರ್ಮಿನ ಕೆಳಗೆ ಅವನು ಕನ್ನಡದಲ್ಲಿ, ಶಾಲೆಯ ಪಾಟಿಯ ಮೇಲೆ ಬರೆದ ಹಾಗೆ ದಪ್ಪಕ್ಷರದಲ್ಲಿ ಪೂರ್ತಿ ಹೆಸರು ಬರೆಯುತ್ತಿದ್ದ. ಟ್ರ್ಯಾಕಿನ ಗೇಟಿನಲ್ಲಿ ತಪಾಸಣೆ ಮಾಡುವ ಮರಾಠಿ ಹುಡುಗರಿಗೆ ಆ ಅಕ್ಷರ ಓದಲು ಬಾರದು, ಆದರೆ ಗುರುತು ಹಿಡಿಯುತ್ತಿದ್ದರು. ಆ ಸಹಿ ಇದ್ದ ಬೈಕಿನ ಮುಚ್ಚಳ ತೆಗೆಸಿ ನೋಡುತ್ತಲೇ ಇರಲಿಲ್ಲ.

ನಿನ್ನೆ ಅವನು ಅಕ್ಕನ ಮಗಳ ಸೀಮಂತಕ್ಕೆಂದು ರಜೆ ಹಾಕಿದ್ದ. ಬೆಳಿಗ್ಗೆ ಬಂದರೆ ಹನ್ನೆರಡೂ ಬೈಕು ಸಾಲಾಗಿ ನಿಂತಿದ್ದವು. ನೀರು ತುಂಬಿಸಿದ್ದಾಗಿದೆ, ಸಹಿ ಹಾಕು ಸಾಕು ಎಂದರು ರಾಯರು. ನೋಡದೆ ಸಹಿ ಹಾಕುವ ಜಾತಿಯಲ್ಲ ಅವನು. ಮೊದಲ ಬೈಕಿನ ಮುಚ್ಚಳ ತಿರುವಿದ. ಕೂಲಂಟಿನ ಹಸಿರು ಬಣ್ಣ ಇರಲಿಲ್ಲ, ನೀರಿನಷ್ಟೇ ತಿಳಿ. ಬೆರಳದ್ದಿ ಹೆಬ್ಬೆರಳಿಗೆ ತಿಕ್ಕಿದ. ಸಾಬೂನಿನಂತೆ ಜಾರಿತು. ಎರಡನೆಯದೂ ಹಾಗೆಯೇ, ಮೂರನೆಯದೂ. ಮೂಲೆಯ ಕಸದ ಡಬ್ಬಿಯಲ್ಲಿ ಖಾಲಿ ಕ್ಯಾನುಗಳು ಸಿಕ್ಕವು: ಬಣ್ಣವಿಲ್ಲದ ಕೂಲಂಟು.

“ನೀರ್ಹಾಕಿ, ಸೋಮವಾರ ಮತ್ತ ತೆಗೆದು, ಮತ್ತ ಕೂಲಂಟ್ ಹಾಕೋದು. ಹನ್ನೆರಡು ಬೈಕಿಗೆ ಎರಡೆರಡು ಸಲ ಯಾರು ಮಾಡ್ತಾರ?” ಎಂದರು ರಾಯರು, ದನಿ ತಗ್ಗಿಸಿ. “ಇದನ್ನ ಹಾಕಿದ್ರ ರಸ್ತಾಕ್ಕೂ ಆತು, ಟ್ರ್ಯಾಕಿಗೂ ಆತು. ನಿನ್ನ ಹೆಸರು ನೋಡಿದ ಮ್ಯಾಲೆ ಅಲ್ಲೆ ಯಾರೂ ಬೆರಳು ಹಾಕೋದಿಲ್ಲ.”

ಈ ಮಾತು ಸಿದ್ದಾರೂಢನ ನೆತ್ತಿಗೆ ಹತ್ತಿತು. ಎರಡು ವರ್ಷದ ಹಿಂದೆ ಯಾವನೋ ಹೀಗೆಯೇ ಕದ್ದುಮುಚ್ಚಿ ಕೂಲಂಟು ಹಾಕಿಕೊಂಡು ಬಂದು ಟ್ರ್ಯಾಕಿನಲ್ಲಿ ಬಿದ್ದಿದ್ದ, ಹಿಂದೆ ಬಂದ ರೋಹಿತ ಅದರ ಮೇಲೆ ಜಾರಿ ಕಟ್ಟೆಗೆ ಬಡಿದಿದ್ದ. ರೋಹಿತ ಇದೇ ಗ್ಯಾರೇಜಿನ ಗಿರಾಕಿ. ಇವತ್ತಿಗೂ ಅವನ ಬಲಗೈ ಭುಜದ ಮೇಲೆ ಏಳುವುದಿಲ್ಲ. ಆ ದಿನ ಅವನನ್ನು ಎತ್ತಿ ಗಾಡಿಗೆ ಹಾಕಿದ್ದು ಸಿದ್ದಾರೂಢನೇ.

“ರೋಹಿತನ ಮನೀಗೆ ಹೋಗಿ ಇದನ್ನs ಹೇಳ್ರಿ ನೋಡೂಣು,” ಎಂದ.

ಅಷ್ಟರಲ್ಲಿ ಪೂರ್ವಾ ಬಂದಳು. ಮನೆಮಾತು ಕನ್ನಡ, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಸಾಲಿನ ಮೊದಲ ಕೆಂಪು ಬೈಕು ಅವಳದು. ಜಗಳ ಅರ್ಧ ಬೀದಿಗೇ ಕೇಳಿಸಿತ್ತು, ಅವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ತನ್ನ ಬೈಕಿನ ಹತ್ತಿರ ಬಂದಳು.

“ಕಾಕಾ, ಚೆಕಿಂಗ್‌ನಾಗ ಪಾಸ್ ಅಂತೂ ಆಗ್ತದಲ್ಲ?” ಎಂದಳು ಸಿದ್ದಾರೂಢನಿಗೆ.

ರಾಯರ ಸುಳ್ಳಿಗಿಂತ ಇದು ಅವನನ್ನು ಹೆಚ್ಚು ಚುಚ್ಚಿತು. ಅವಳ ರೇಡಿಯೇಟರಿನಿಂದ ನಾಲ್ಕು ಹನಿ ತೆಗೆದು ಬಾಗಿಲ ಮುಂದಿನ, ಬಿಸಿಲಿಗೆ ಕಾದ ಶಹಾಬಾದ್ ಕಲ್ಲಿನ ಮೇಲೆ ಬಿಟ್ಟ. ಪಕ್ಕದಲ್ಲಿ ನಾಲ್ಕು ಹನಿ ಬ್ಯಾಟರಿ ನೀರು. ಆಮೇಲೆ ಕಟ್ಟೆಯ ಮೇಲೆ ಕೂತ. ಏಪ್ರಿಲ್ ಬಿಸಿಲು, ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀರು ಆರಿ ಕಲ್ಲು ಬೆಳ್ಳಗಾಯಿತು. ಇನ್ನೊಂದು ಹಾಗೆಯೇ ಮಿರುಗುತ್ತಿತ್ತು.

“ಬೂಟಿಟ್ಟು ತಿಕ್ಕಿ ನೋಡವ್ವಾ.”

ಅವಳು ತಿಕ್ಕಿದಳು. ಕಾಲು ಸರ್ರನೆ ಜಾರಿತು, ಗೋಡೆ ಹಿಡಿದಳು.

“ಪಾಸ್ ಆಗ್ತದ,” ಎಂದ ಸಿದ್ದಾರೂಢ. “ನನ್ನ ಹೆಸರ ಮ್ಯಾಲೆ ಪಾಸ್ ಆಗ್ತದ. ನಿನ್ನ ಹಿಂದ ಬರೂ ಮಗನ ಕಾಲು ಮುರೀತದ.”

ಪೂರ್ವಾ ಕಲ್ಲನ್ನೇ ನೋಡಿದಳು. “ನಂದಕ್ಕ ನೀರs ಹಾಕ್ರಿ,” ಎಂದಳು.

ಸಿದ್ದಾರೂಢ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡ. ರಾಯರು ಕುರ್ಚಿಯಿಂದ ಎದ್ದೇ ಬಿಟ್ಟರು. ಒಂದು ಬೈಕು ಬಿಚ್ಚಿದರೆ ಉಳಿದ ಹನ್ನೊಂದು ಜನವೂ ಬಂದು ಕೇಳುತ್ತಾರೆಂಬುದು ಅವರಿಗೆ ಗೊತ್ತಿತ್ತು.

“ಆ ಬೋಲ್ಟ್ ಬಿಚ್ಚಿದ್ಯೋ, ನಾಳಿಂದ ಈ ಕಡೆ ಬರಬ್ಯಾಡ.”

“ನಾಳಿ ಯಾಕ್ರಿ,” ಎಂದ ಸಿದ್ದಾರೂಢ. “ಇದೊಂದು ಮುಗಿಸಿ ಇವತ್ತs ಹೊಂಟೆ.”

ಬೋಲ್ಟು ಬಿಚ್ಚಿದ. ಬೋಗುಣಿಗೆ ಕೂಲಂಟು ಸುರಿಯಿತು. ಅವಸರ ಮಾಡಲಿಲ್ಲ. ನೀರು ತುಂಬಿ, ಇಂಜಿನ್ ಓಡಿಸಿ, ಚೆಲ್ಲಿ, ಮತ್ತೆ ತುಂಬಿ, ಮೂರು ಸಲ ತೊಳೆದ. ಪ್ರತಿ ಸಲವೂ ಬೆರಳು ತಿಕ್ಕಿ ನೋಡಿದ. ನಾಲ್ಕನೆಯ ನೀರು ಜಾರಲಿಲ್ಲ. ಫ್ಯಾನು ತಿರುಗುವವರೆಗೆ ಇಂಜಿನ್ ಬಿಟ್ಟು, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋದ ಮೇಲೆ ಮುಚ್ಚಳ ಬಿಗಿದ. ರಾಯರು ಅಷ್ಟೂ ಹೊತ್ತು ಯಾರಿಗೋ ಫೋನಿನಲ್ಲಿ ಮರಾಠಿಯಲ್ಲಿ ಅವನನ್ನು ಬಯ್ಯುತ್ತಲೇ ಇದ್ದರು. ಅವನಿಗೆ ಕೇಳಲೆಂದೇ ಗಟ್ಟಿಯಾಗಿ.

ಕೈ ಒರೆಸಿಕೊಂಡು ಪೂರ್ವಾಳ ಫಾರ್ಮಿಗೆ ಪೂರ್ತಿ ಹೆಸರು ಬರೆದ. ಉಳಿದ ಹನ್ನೊಂದು ಫಾರ್ಮುಗಳ ಮೇಲೆ, ಸಹಿಯ ಜಾಗದಲ್ಲಿ, ಒಂದೊಂದು ಉದ್ದ ಗೀಟು ಎಳೆದ. ಇನ್ನು ಅಲ್ಲಿ ಬೇರೆ ಯಾರೂ ಅವನ ಹೆಸರು ಬರೆಯುವಂತಿರಲಿಲ್ಲ.

ರಾಯರು ಫೋನು ಕಿವಿಯಿಂದ ತೆಗೆದರು. “ಐವತ್ತಕ್ಕ ಬಂದೀ. ಯಾರು ಕೆಲಸ ಕೊಡ್ತಾರ ನಿನಗ?”

“ಅದು ನನ್ನ ಚಿಂತಿ. ಹನ್ನೊಂದು ಬೈಕು ನಿಮ್ಮ ಚಿಂತಿ.”

ಗೋಡೆಯಿಂದ ತನ್ನ ಸ್ವಂತದ ಪಾನಾಗಳನ್ನಷ್ಟೇ ಇಳಿಸಿ ಚೀಲಕ್ಕೆ ಹಾಕಿದ. ಹೊರಗೆ ಈರುಳ್ಳಿ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅವುಗಳ ನಡುವೆ ನುಸುಳಿ ರಸ್ತೆ ದಾಟಿದ. ಹಿಂದಿನಿಂದ ರಾಯರು ಎರಡು ಸಲ ಕೂಗಿದರು. ಮೊದಲ ಸಲ ಸಿಟ್ಟಿನಿಂದ, ಎರಡನೆಯ ಸಲ ಬೇರೆ ದನಿಯಲ್ಲಿ. ಎರಡೂ ಅವನಿಗೆ ಕೇಳಿಸಿದವು.

ಚಹಾ ಕುಡಿದು ಸಿಟ್ಟಿಳಿದ ಮೇಲೆ ಬಂದಾನು ಎಂದು ರಾಯರು ಮಧ್ಯಾಹ್ನ ಎರಡು ಗಂಟೆಯವರೆಗೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವನು ಬರಲಿಲ್ಲ. ಸೋಮವಾರವೂ ಬರಲಿಲ್ಲ, ಆಮೇಲೆಯೂ ಬರಲಿಲ್ಲ.